ಹೊಲದ ತೊಗರಿ, ಹಡಗಿನ ತೊಗರಿ

2021ರ ಮೇ 15ರಂದು ದಿಲ್ಲಿಯಲ್ಲಿ ಒಂದು ಅಧಿಸೂಚನೆ ಹೊರಬಿತ್ತು. ಅದರಲ್ಲಿದ್ದ ವಿಷಯ ಇಷ್ಟೆ: ತೊಗರಿ, ಉದ್ದು, ಹೆಸರು ಈ ಮೂರು ಕಾಳುಗಳ ಆಮದನ್ನು 'ನಿರ್ಬಂಧಿತ' ಪಟ್ಟಿಯಿಂದ 'ಮುಕ್ತ' ಪಟ್ಟಿಗೆ ಸೇರಿಸಲಾಗಿದೆ; ಈ ಸವಲತ್ತು ಅಕ್ಟೋಬರ್ 31ರವರೆಗೆ ಇರುತ್ತದೆ.

ಆ ದಿನ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹೊಲಗಳಲ್ಲಿ ಒಂದು ಹಸಿರೆಲೆಯೂ ಇರಲಿಲ್ಲ. ಹರಗಿ ಬಿಟ್ಟ ಎರೆಭೂಮಿ ಬಿರುಕು ಬಿಟ್ಟುಕೊಂಡು ಮಿರಗ ಮಳೆಗೆ ಕಾಯುತ್ತಿತ್ತು. ಕೊರೊನಾದ ಎರಡನೆಯ ಅಲೆಯ ಆ ದಿನಗಳಲ್ಲಿ ರೈತನಿಗೆ ಬೀಜ, ಗೊಬ್ಬರ, ಆಸ್ಪತ್ರೆಯ ಚಿಂತೆ ಸಾಕಷ್ಟಿತ್ತು. ದಿಲ್ಲಿಯ ಕಾಗದವನ್ನು ಓದುವಷ್ಟು ಪುರುಸೊತ್ತು ಯಾರಿಗಿತ್ತು? ಆದರೆ ಅವನು ಜೂನ್‌ನಲ್ಲಿ ಬಿತ್ತಿ ಡಿಸೆಂಬರ್‌ನಲ್ಲಿ ರಾಶಿ ಮಾಡುವ ತೊಗರಿಗೆ ಎದುರಾಳಿ ಯಾರು ಎಂಬುದು ಬೀಜ ನೆಲಕ್ಕೆ ಬೀಳುವ ಮೊದಲೇ ತೀರ್ಮಾನವಾಗಿಬಿಟ್ಟಿತ್ತು. ಅಕ್ಟೋಬರ್ 31ಕ್ಕೆ ಮುಗಿಯಬೇಕಿದ್ದ ಸವಲತ್ತು ಡಿಸೆಂಬರ್‌ಗೆ, ಅಲ್ಲಿಂದ ಮಾರ್ಚ್‌ಗೆ ಮುಂದುವರಿಯಿತು. ಮುಂದೆ ವರ್ಷವರ್ಷವೂ ವಿಸ್ತರಣೆಯಾಗುತ್ತ 2026ರ ಮಾರ್ಚ್ 31ರವರೆಗೂ ಬಂದಿತು.

ಕಲಬುರಗಿ ಜಿಲ್ಲೆಯನ್ನು 'ತೊಗರಿ ಕಣಜ' ಎಂದು ಕರೆಯುವುದು ವಾಡಿಕೆ. ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ಸುಮಾರು ಆರು ಲಕ್ಷ ಹೆಕ್ಟೇರಿನಲ್ಲಿ ತೊಗರಿ ಬಿತ್ತನೆಯಾಗುತ್ತಿದೆ. ಇಷ್ಟು ದೊಡ್ಡ ಕಣಜದ ಬೀಗದ ಕೈ ಮಾತ್ರ ಕಣಜದ ಒಡೆಯನ ಸೊಂಟದಲ್ಲಿಲ್ಲ. ಅದು ಯಾವಾಗ, ಹೇಗೆ ದಿಲ್ಲಿಗೆ ಹೋಯಿತು ಎಂಬುದಕ್ಕೆ ಒಂದು ಇತಿಹಾಸವೇ ಇದೆ.

ಕಲ್ಲಿನ ಮೇಲೆ ಕಾಳು

ಶಹಾಬಾದ, ವಾಡಿ ಎಂದರೆ ಹೊರಗಿನವರಿಗೆ ನೆನಪಾಗುವುದು ಕಲ್ಲು. ದಕ್ಷಿಣದ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಚಪ್ಪಡಿಗೆ ಶಹಾಬಾದ ಎಂಬ ಊರಿನ ಹೆಸರೇ ಅಂಟಿಕೊಂಡಿದೆ. ಶಹಾಬಾದ, ವಾಡಿ, ಮಳಖೇಡ, ಸೇಡಂಗಳಲ್ಲಿ ಒಂದರ ಹಿಂದೊಂದು ಸಿಮೆಂಟ್ ಕಾರ್ಖಾನೆಗಳು ಎದ್ದದ್ದಕ್ಕೂ ಇದೇ ಸುಣ್ಣದ ಕಲ್ಲು ಕಾರಣ. ಅದೇ ಸುಣ್ಣ ತೊಗರಿಗೂ ಆಸರೆಯಾಗಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲದ ಸಂಗತಿ. ಕಪ್ಪುಮಣ್ಣಿನ ಕೆಳಗೆ ಸುಣ್ಣದ ಪದರ, ಮಣ್ಣಿನಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಂಶ. ಇವುಗಳಿಂದಲೇ ಇಲ್ಲಿನ ಬೇಳೆಗೆ ಬೇರೆಯದೇ ರುಚಿ, ಪರಿಮಳ ಬಂದಿದೆ ಎಂಬ ವಾದವನ್ನು ಒಪ್ಪಿ 2019ರಲ್ಲಿ 'ಗುಲ್ಬರ್ಗಾ ತೊಗರಿ ಬೇಳೆ'ಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ನೀಡಲಾಯಿತು. ಗಡಿಯಾಚೆಯ ತಾಂಡೂರಿನ ತೊಗರಿಗೂ 2022ರಲ್ಲಿ ಅದೇ ಮಾನ್ಯತೆ ದೊರೆಯಿತು. ಮಣ್ಣಿಗೆ ರಾಜ್ಯದ ಗಡಿ ಗೊತ್ತಿಲ್ಲ, ಇರಲಿ.

ತೊಗರಿ ಈ ದೇಶದ್ದೇ ಬೆಳೆ. ಅದರ ತವರು ಭಾರತ ಪರ್ಯಾಯ ದ್ವೀಪದ ಪೂರ್ವಭಾಗ ಎಂಬುದು ವಿಜ್ಞಾನಿಗಳ ಅಭಿಮತ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಂದಲೇ ಅದು ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಯಿತು. ಇಂದು ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿರುವುದು ಒಂದರ್ಥದಲ್ಲಿ ಹೋದ ಮಗಳ ಮಕ್ಕಳು.

ಈ ನೆಲದ ಕಾಳು ದೂರದ ಪೇಟೆಗೆ ಹೋಗಲು ದಾರಿಯಾದದ್ದು ರೈಲು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಸೊಲ್ಲಾಪುರ, ಗುಲ್ಬರ್ಗಾ, ಶಹಾಬಾದ, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಮೂರೇ ವರ್ಷದಲ್ಲಿ, 1874ರಲ್ಲಿ, ನಿಜಾಮರ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿನತ್ತ ಹೊರಟಿತು. ಅಲ್ಲಿಗೆ ಈ ಸೀಮೆಯ ಒಂದು ಕೈ ಮುಂಬಯಿಗೂ ಇನ್ನೊಂದು ಕೈ ಹೈದರಾಬಾದಿಗೂ ಸಿಕ್ಕಿತು. ಚಿಂಚೋಳಿಗೆ ಮಾತ್ರ ಆ ಭಾಗ್ಯ ಒದಗಲಿಲ್ಲ. ಆ ಕಡೆಯ ಎಷ್ಟೋ ಹಳ್ಳಿಗಳಿಗೆ ತಾಂಡೂರೇ ಹತ್ತಿರದ ಪೇಟೆ. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾಗಿ ತಾಂಡೂರು ಆಂಧ್ರಕ್ಕೂ ಸೇಡಂ, ಚಿಂಚೋಳಿಗಳು ಮೈಸೂರು ರಾಜ್ಯಕ್ಕೂ ಸೇರಿದವು. ಆದರೂ ಕಾಳಿನ ಚೀಲಗಳು ಎಲ್ಲಿ ನಾಲ್ಕು ಕಾಸು ಹೆಚ್ಚು ಸಿಗುತ್ತದೋ ಆ ಕಡೆಗೇ ಹೋಗುವುದನ್ನು ಬಿಡಲಿಲ್ಲ.

ಹಾಗೆಂದು ಹಿಂದೆಲ್ಲ ಇಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ತೊಗರಿಯೇ ಇತ್ತೆಂದು ತಿಳಿಯಬೇಕಿಲ್ಲ. ಜೋಳದ ನಾಲ್ಕಾರು ಸಾಲಿಗೆ ತೊಗರಿಯ ಒಂದು ಸಾಲು. ಜೊತೆಗೆ ಹೆಸರು, ಉದ್ದು, ಎಳ್ಳು. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ಉಳಿಯುತ್ತಿತ್ತು. ಬೇರು ಆಳಕ್ಕಿಳಿಯುವ ತೊಗರಿ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ನಿಂತು ಕಾಯಿ ಕಟ್ಟುತ್ತಿತ್ತು; ಎಲೆ ಉದುರಿಸಿ ಹೊಲಕ್ಕೆ ಗೊಬ್ಬರವನ್ನೂ, ಒಣಗಿದ ಮೇಲೆ ಒಲೆಗೆ ಕಟ್ಟಿಗೆಯನ್ನೂ ಕೊಡುತ್ತಿತ್ತು.

ಈ ಚಿತ್ರ ಬದಲಾಗತೊಡಗಿದ್ದು 1980ರ ದಶಕದಲ್ಲಿ. ತೊಗರಿಗೆ ದೊಡ್ಡ ಶತ್ರು ಸೊರಗು ರೋಗ. ಈ ಭಾಗದ ರೈತರ ಬಾಯಲ್ಲಿ ಅದು ನೆಟೆ ರೋಗ. ಬೆಳೆದು ನಿಂತ ಗಿಡ ಹೂವು, ಕಾಯಿಯ ಹೊತ್ತಿಗೆ ನಿಂತಲ್ಲೇ ಒಣಗಿಬಿಡುತ್ತದೆ. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ಈ ರೋಗವನ್ನು ತಡೆದುಕೊಳ್ಳುವ ತಳಿಯೊಂದನ್ನು ಆರಿಸಿ ತೆಗೆಯಿತು. 'ಮಾರುತಿ' ಎಂಬ ಹೆಸರಿನಲ್ಲಿ ಅದು ದಶಕದ ನಡುವೆ ಕರ್ನಾಟಕದ ಹೊಲಗಳಿಗೆ ಬಂದು ಬೇಗನೆ ಹಬ್ಬಿತು. ರೋಗದ ಭಯ ತಗ್ಗಿತು, ಪೇಟೆಯಲ್ಲಿ ಬೇಳೆಗೆ ಬೇಡಿಕೆಯಿತ್ತು. ಜೋಳದ ಸಾಲುಗಳು ಹಿಂದೆ ಸರಿದವು. ಪಕ್ಕದಲ್ಲಿದ್ದ ತೊಗರಿ ನಡುಮನೆಗೆ ಬಂದಿತು.

ಒಂದೇ ಬೆಳೆಯನ್ನು ನೆಚ್ಚಿದರೆ ಏನಾಗುತ್ತದೆ ಎಂಬುದು 1997-98ರಲ್ಲಿ ಗೊತ್ತಾಯಿತು. ಅಕಾಲದ ಮಳೆ, ಅದರ ಬೆನ್ನಿಗೆ ಕಾಯಿಕೊರಕ ಹುಳು. ಔಷಧ ಹೊಡೆದಷ್ಟೂ ಹುಳು ಬಗ್ಗಲಿಲ್ಲ. ಸಾಲ ಮಾತ್ರ ಏರಿತು. ಗುಲ್ಬರ್ಗಾ, ಬೀದರ್ ಜಿಲ್ಲೆಗಳ ರೈತರ ಆತ್ಮಹತ್ಯೆಗಳು ರಾಜ್ಯದ ಗಮನ ಸೆಳೆದದ್ದು ಆ ವರ್ಷ. ಕೊನೆಗೆ ಗಿಡಗಳನ್ನು ಅಲುಗಾಡಿಸಿ, ಕೆಳಗೆ ಹಾಸಿದ ಹಾಳೆಯ ಮೇಲೆ ಹುಳುಗಳನ್ನು ಉದುರಿಸಿಕೊಂಡು ನಾಶಮಾಡುವ ಹಳೆಯ ಉಪಾಯಕ್ಕೆ ರೈತರು ಮರಳಿದರು. ಹುಳುವನ್ನು ಹಾಗೆ ಉದುರಿಸಬಹುದು, ಬೆಲೆಯ ಕುಸಿತಕ್ಕೆ ಯಾವ ಗಿಡ ಅಲುಗಾಡಿಸುವುದು?

ಚೀಲದ ಪಯಣ

ರಾಶಿಯಾದ ತೊಗರಿ ಅಡುಗೆಮನೆಯ ಡಬ್ಬಿ ಸೇರುವ ಮೊದಲು ಹಲವು ಕೈ ದಾಟುತ್ತದೆ. ಸಣ್ಣ ರೈತ ಹೆಚ್ಚಾಗಿ ಊರಿನ ವ್ಯಾಪಾರಿಗೇ ಕೊಡುತ್ತಾನೆ. ಬಿತ್ತುವಾಗ ಕೈಸಾಲ ಕೊಟ್ಟವನೂ ಎಷ್ಟೋ ಸಲ ಅವನೇ. ಸ್ವಲ್ಪ ಅನುಕೂಲವಿದ್ದವನು ಚೀಲಗಳನ್ನು ಟ್ರ್ಯಾಕ್ಟರ್‌ಗೆ ಹೇರಿಕೊಂಡು ಸೇಡಂ, ಚಿತ್ತಾಪುರ ಇಲ್ಲವೆ ಕಲಬುರಗಿಯ ನೆಹರೂ ಗಂಜಿಗೆ ಒಯ್ಯುತ್ತಾನೆ. ಅಲ್ಲಿ ಅಡತಿ ಅಂಗಡಿಯ ಮುಂದೆ ಕಾಳು ಸುರಿದು, ಖರೀದಿದಾರ ಒಂದು ಹಿಡಿ ಎತ್ತಿ ತೇವ, ಕಸ, ಗಾತ್ರ ನೋಡಿ ದರ ಬರೆಯುತ್ತಾನೆ. ಹಮಾಲರು ತೂಗಿ ಹೊಲಿದ ಚೀಲ ದಾಲ್‌ಮಿಲ್ ಸೇರುತ್ತದೆ.

ತೊಗರಿಯ ಸಿಪ್ಪೆ ಸುಲಭಕ್ಕೆ ಬಿಡುವಂಥದ್ದಲ್ಲ. ಕಾಳಿಗೂ ಸಿಪ್ಪೆಗೂ ನಡುವೆ ಅಂಟಿನಂಥ ಪದರವಿದೆ. ಅದಕ್ಕೇ ದಾಲ್‌ಮಿಲ್‌ನಲ್ಲಿ ಕಾಳನ್ನು ಉರುಳೆಗೆ ಕೊಟ್ಟು ಮೈ ಗೀರಿ, ಎಣ್ಣೆ ಸವರಿ, ದಿನಗಟ್ಟಲೆ ಬಿಸಿಲಿಗೆ ಹರಡಿ, ನೀರು ಚಿಮುಕಿಸಿ, ಮತ್ತೆ ಒಣಗಿಸಿ ಒಡೆಯುತ್ತಾರೆ. ಬಿಸಿಲು ಧಾರಾಳವಾಗಿರುವ ಕಲಬುರಗಿಯಲ್ಲಿ ನೂರಾರು ದಾಲ್‌ಮಿಲ್‌ಗಳು ಹುಟ್ಟಿಕೊಂಡದ್ದು ಆಶ್ಚರ್ಯವಲ್ಲ. ಒಂದು ಕ್ವಿಂಟಲ್ ಕಾಳಿನಿಂದ 70 ಕಿಲೋ ಆಸುಪಾಸು ಬೇಳೆ. ಉಳಿದದ್ದು ನುಚ್ಚು, ಹೊಟ್ಟು. ಅದು ದನದ ಮೇವಾಗುತ್ತದೆ, ಹಾಳಾಗುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ದಾಲ್‌ಮಿಲ್ ಮಾಲೀಕನೂ ರೈತನೂ ಒಂದೇ ಊರಿನವರಿರಬಹುದು, ಒಂದೇ ಜಾತ್ರೆಯ ತೇರು ಎಳೆಯುವವರಿರಬಹುದು. ಆದರೆ ಅವರ ಹಿತ ಯಾವಾಗಲೂ ಒಂದೇ ಆಗಿರುವುದಿಲ್ಲ. ಯಂತ್ರಕ್ಕೆ ವರ್ಷವಿಡೀ ಕಾಳು ಬೇಕು. ಊರಿನ ಹೊಲ ಕಾಳು ಕೊಡುವುದು ಡಿಸೆಂಬರ್‌ನಿಂದ ನಾಲ್ಕೈದು ತಿಂಗಳು ಮಾತ್ರ. ಉಳಿದ ಕಾಲಕ್ಕೆ ಒಂದೋ ದಾಸ್ತಾನು ಇಡಬೇಕು, ಇಲ್ಲವೆ ಹಡಗಿನ ಕಾಳು ತರಿಸಬೇಕು. ಹೀಗಾಗಿ ವ್ಯಾಪಾರಿಗಳ ಮಾತಿನಲ್ಲಿ ಬರ್ಮಾದ 'ಲೆಮನ್', ತಾಂಜಾನಿಯಾದ 'ಅರುಷಾ', ಮೊಜಾಂಬಿಕ್‌ನ 'ಗಜರಿ' ಎಂಬ ಹೆಸರುಗಳು ಸಲೀಸಾಗಿ ಹರಿದಾಡುತ್ತವೆ.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಬೇಳೆಕಾಳುಗಳ ಆಮದಿಗೆ ಬಾಗಿಲು ತೆರೆದದ್ದು 1991ರ ಉದಾರೀಕರಣದಲ್ಲಿ ಎಂದು ಹಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಇತರ ಧಾನ್ಯಗಳ ಆಮದು ಸರ್ಕಾರದ ಮುಷ್ಟಿಯಲ್ಲೇ ಇದ್ದ 1979ರಲ್ಲಿಯೇ ಬೇಳೆಕಾಳುಗಳನ್ನು ಮುಕ್ತ ಪರವಾನಗಿ ಪಟ್ಟಿಗೆ ಸೇರಿಸಲಾಗಿತ್ತು. ಹಸಿರು ಕ್ರಾಂತಿ ಗೋಧಿ, ಭತ್ತಗಳನ್ನು ಹಿಡಿದೆತ್ತಿದಂತೆ ಬೇಳೆಯನ್ನು ಎತ್ತಲಿಲ್ಲ; ಜನಸಂಖ್ಯೆ ಏರಿತು, ಕಾಳು ಸಾಲದೆ ಬಂತು. ಕಾರಣವಿಷ್ಟೆ.

1988ರ ನಂತರ ಬರ್ಮಾ ತನ್ನ ಕಾಳಿನ ವ್ಯಾಪಾರವನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಅಲ್ಲಿನ ರೈತರು ಉದ್ದು, ಹೆಸರು, ತೊಗರಿಯನ್ನು ಭಾರತಕ್ಕಾಗಿಯೇ ಎಂಬಂತೆ ಬೆಳೆಯತೊಡಗಿದರು. ಪೂರ್ವ ಆಫ್ರಿಕಾದಲ್ಲೂ ಹೀಗೆಯೇ ಆಯಿತು. 2006ರ ಜೂನ್‌ನಲ್ಲಿ ಬೆಲೆ ಏರಿದಾಗ ಕೇಂದ್ರ ಸರ್ಕಾರ ಎರಡು ಹೆಜ್ಜೆ ಇಟ್ಟಿತು: ಬೇಳೆಕಾಳುಗಳ ಆಮದು ಸುಂಕವನ್ನು ಸೊನ್ನೆಗೆ ಇಳಿಸಿತು, ಅದೇ ತಿಂಗಳು ರಫ್ತನ್ನು ನಿಷೇಧಿಸಿತು. ಹೊರಗಿನ ಕಾಳು ಒಳಗೆ ಬರಬಹುದು, ಒಳಗಿನ ಕಾಳು ಹೊರಗೆ ಹೋಗಬಾರದು. ರಫ್ತಿನ ಈ ಬಾಗಿಲು ಮತ್ತೆ ತೆರೆದದ್ದು 2017ರಲ್ಲಿ. ದುಬೈಯಲ್ಲೋ ಲಂಡನ್ನಿನಲ್ಲೋ ಕುಳಿತ ಕನ್ನಡಿಗನ ಸಾರಿಗೆ ಸೇಡಂ ಬೇಳೆಯನ್ನು ಸಾಮಾನ್ಯ ವ್ಯಾಪಾರವಾಗಿ ಕಳಿಸಲು ಹನ್ನೊಂದು ವರ್ಷ ಅವಕಾಶವಿರಲಿಲ್ಲ. ಒಂದು ಊರಿನ ಬೇಳೆಗೆ ಹೆಸರು, ಗಿರಾಕಿ ಕಟ್ಟಿಕೊಳ್ಳಲು ಹನ್ನೊಂದು ವರ್ಷ ಸಣ್ಣ ಕಾಲವಲ್ಲ.

ಈ ನೀತಿಯ ಪೂರ್ಣ ಸ್ವರೂಪ ಬಯಲಾದದ್ದು 2015ರಿಂದ 2017ರ ಎರಡು ವರ್ಷಗಳಲ್ಲಿ. ಅದನ್ನು ತುಸು ವಿವರವಾಗಿಯೇ ನೋಡಬೇಕು.

ಸತತ ಎರಡು ವರ್ಷ ಮಳೆ ಕೊರತೆಯಾಗಿ 2015-16ರಲ್ಲಿ ದೇಶದ ತೊಗರಿ ಉತ್ಪಾದನೆ 25.6 ಲಕ್ಷ ಟನ್‌ಗೆ ಇಳಿಯಿತು. 2015ರ ಅಕ್ಟೋಬರ್ ಹೊತ್ತಿಗೆ ನಗರಗಳಲ್ಲಿ ಒಂದು ಕಿಲೋ ಬೇಳೆಗೆ 200 ರೂಪಾಯಿ. ಕೋಳಿ ಮಾಂಸಕ್ಕಿಂತ ಬೇಳೆ ದುಬಾರಿಯಾಯಿತು ಎಂಬ ಮಾತು ಆಗ ದೇಶದ ತುಂಬ ಹರಿದಾಡಿತು. ದಾಸ್ತಾನಿಗೆ ಮಿತಿ ಬಂತು, ಹಲವು ರಾಜ್ಯಗಳಲ್ಲಿ ಗೋದಾಮುಗಳ ಮೇಲೆ ದಾಳಿಗಳು ನಡೆದವು. ಕಲಬುರಗಿ ಗಂಜಿನಲ್ಲಿ ಕ್ವಿಂಟಲ್ ತೊಗರಿ 10,000 ರೂಪಾಯಿ ದಾಟಿತು. ಆ ವರ್ಷದ ಬೆಂಬಲ ಬೆಲೆ ಬೋನಸ್ ಸೇರಿ 4,625 ರೂಪಾಯಿ ಮಾತ್ರ ಎಂಬುದನ್ನು ನೆನೆದರೆ ಈ ಏರಿಕೆಯ ಎತ್ತರ ತಿಳಿಯುತ್ತದೆ. ಆದರೆ ಬರದಲ್ಲಿ ಬೆಳೆ ಕಳೆದುಕೊಂಡವನಿಗೆ ಆ ಬೆಲೆಯಿಂದ ಏನು ಲಾಭ? ಮಾರಲು ಕಾಳಿದ್ದವರು ಕೆಲವರೇ.

2016ರ ಜುಲೈ 7ರಂದು ಪ್ರಧಾನಿ ನರೇಂದ್ರ ಮೋದಿ ಮೊಜಾಂಬಿಕ್‌ಗೆ ಭೇಟಿ ನೀಡಿದಾಗ ಎರಡೂ ದೇಶಗಳ ನಡುವೆ ಬೇಳೆಕಾಳಿನ ಒಪ್ಪಂದವಾಯಿತು. ಮೊದಲ ವರ್ಷ ಒಂದು ಲಕ್ಷ ಟನ್‌ನಿಂದ ಶುರುವಾಗಿ 2020-21ರ ಹೊತ್ತಿಗೆ ಎರಡು ಲಕ್ಷ ಟನ್ ತರಿಸುವುದೆಂದು ನಿಶ್ಚಯವಾಯಿತು. ಆ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಸೇಡಂ, ಚಿತ್ತಾಪುರಗಳ ಹೊಲದಲ್ಲಿ ಬೇರೊಂದು ಕಥೆ ಮೊಳೆಯುತ್ತಿತ್ತು. ಹಿಂದಿನ ವರ್ಷದ ಬೆಲೆ ಕಂಡ ರೈತರು ಮೂಲೆ ಮೂಲೆಗೂ ತೊಗರಿ ಬಿತ್ತಿದ್ದರು. ಸರ್ಕಾರವೇ ಬಿತ್ತಿರೆಂದು ಹೇಳಿತ್ತು. ಮಳೆ ಒಳ್ಳೆಯದಾಯಿತು. ಫಲವಾಗಿ 2016-17ರಲ್ಲಿ ದೇಶದ ಉತ್ಪಾದನೆ 48.7 ಲಕ್ಷ ಟನ್! ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಅದೇ ವರ್ಷ ಹಡಗಿನಲ್ಲಿ ಸುಮಾರು 7 ಲಕ್ಷ ಟನ್ ಬಂದಿಳಿಯಿತು. ಸುಂಕ ಸೊನ್ನೆ, ರಫ್ತಿನ ಬಾಗಿಲಿಗೆ ಬೀಗ, ದಾಸ್ತಾನಿಗೆ ಮಿತಿ. ಕಾಳು ಹೋಗುವುದಾದರೂ ಎಲ್ಲಿಗೆ?

ಬೆಲೆ ನೆಲ ಕಚ್ಚಿತು. ಬೆಂಬಲ ಬೆಲೆ 5,050 ರೂಪಾಯಿ ಇದ್ದರೂ ಪೇಟೆಯಲ್ಲಿ 4,000ದ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೂ ಇಳಿಯಿತು. ಹತ್ತು ಕ್ವಿಂಟಲ್ ಬೆಳೆದವನು ಹಿಂದಿನ ವರ್ಷದ ದರದಲ್ಲಿ ಒಂದು ಲಕ್ಷ ರೂಪಾಯಿಯ ಲೆಕ್ಕ ಹಾಕಿದ್ದರೆ ಕೈಗೆ ಬಂದದ್ದು ನಲವತ್ತು ಸಾವಿರ. ಬೀಜ, ಔಷಧ, ಕೂಲಿಯ ಖರ್ಚು ಮಾತ್ರ ಅರ್ಧಕ್ಕೆ ಇಳಿದಿರಲಿಲ್ಲ. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಬೆಳೆಯಿತು. ಕಾಯಲು ಆಗದವರು ಸಿಕ್ಕ ದರಕ್ಕೆ ಮಾರಿ ಮನೆಗೆ ಹೋದರು.

ವಿಚಿತ್ರವೆಂದರೆ ಹೀಗಾಗಬಹುದೆಂದು ಸರ್ಕಾರಕ್ಕೆ ಮೊದಲೇ ಹೇಳಿದವರಿದ್ದರು. ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರ ಸಮಿತಿ 2016ರ ಸೆಪ್ಟೆಂಬರ್‌ನಲ್ಲೇ ವರದಿ ಕೊಟ್ಟಿತ್ತು. ಬೆಂಬಲ ಬೆಲೆ ಹೆಚ್ಚಿಸಿ, ಸರ್ಕಾರವೇ ಚುರುಕಾಗಿ ಖರೀದಿಸಲಿ, ರಫ್ತು ನಿಷೇಧ ಮತ್ತು ದಾಸ್ತಾನು ಮಿತಿಯನ್ನು ತೆಗೆಯಲಿ ಎಂಬುದು ಅದರ ಸಲಹೆ. ತೊಗರಿ ಆಗಿನ್ನೂ ಹೊಲದಲ್ಲಿ ಹಸಿರಾಗಿತ್ತು. ಸಲಹೆಗಳು ಒಂದೊಂದಾಗಿ ಜಾರಿಯಾದದ್ದು ರಾಶಿ ಮುಗಿದ ಮೇಲೆ. 10 ಶೇಕಡಾ ಆಮದು ಸುಂಕ ಬಂದದ್ದು 2017ರ ಮಾರ್ಚ್ ಕೊನೆಗೆ; ವರ್ಷಕ್ಕೆ ಎರಡು ಲಕ್ಷ ಟನ್ ಆಮದಿನ ಮಿತಿ ಬಂದದ್ದು ಆಗಸ್ಟ್‌ನಲ್ಲಿ; ರಫ್ತಿಗೆ ಅನುಮತಿ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಸಣ್ಣ ರೈತನ ಕಾಳು ಬೇರೆಯವರ ಗೋದಾಮಿನಲ್ಲಿತ್ತು. ಬಾಗಿಲು ಹಾಕಿದ್ದರ ಪ್ರಯೋಜನ ಸಿಕ್ಕಿದ್ದೇ ಆದರೆ ಗೋದಾಮಿನವನಿಗೆ.

ಆಗಸ್ಟ್‌ನ ಆ ಆದೇಶ ಸಮುದ್ರದಾಚೆ ಏನು ಮಾಡಿತು ಎಂಬುದೂ ಹೇಳಲೇಬೇಕಾದ ಸಂಗತಿ. ಮೊಜಾಂಬಿಕ್‌ನಲ್ಲಿ ಅದು ಸರಿಯಾಗಿ ತೊಗರಿ ಕೊಯ್ಲಿನ ಹೊತ್ತು. ಭಾರತ ಕೊಳ್ಳುತ್ತದೆಂಬ ಭರವಸೆಯಲ್ಲಿ ಬಿತ್ತಿದ್ದ ಅಲ್ಲಿನ ಬಡ ರೈತರ ಕಾಳಿಗೆ ಏಕಾಏಕಿ ಕೊಳ್ಳುವವರಿಲ್ಲದಂತಾಗಿ ಬೆಲೆ ಪಾತಾಳಕ್ಕಿಳಿಯಿತು. ಆ ದೇಶದಲ್ಲಿ ತೊಗರಿ ತಿನ್ನುವವರು ಕಡಿಮೆ, ಬೆಳೆಯುವುದೇ ಭಾರತಕ್ಕಾಗಿ. ಒಂದೇ ವರ್ಷದಲ್ಲಿ ದಿಲ್ಲಿಯ ಒಂದೇ ಕಚೇರಿಯಿಂದ ಕಾಗಿಣಾ ನದಿಯ ದಂಡೆಯ ರೈತನೂ ಮೊಜಾಂಬಿಕ್‌ನ ರೈತನೂ ಪೆಟ್ಟು ತಿಂದರು. ಒಬ್ಬನಿಗೆ ಬಾಗಿಲು ತೆರೆದಿದ್ದಕ್ಕೆ, ಇನ್ನೊಬ್ಬನಿಗೆ ಮುಚ್ಚಿದ್ದಕ್ಕೆ. ಇಬ್ಬರಿಗೂ ಪರಸ್ಪರ ಹೆಸರು ಗೊತ್ತಿಲ್ಲ.

ಕೋಳಿಗೊಂದು ನ್ಯಾಯ

ಮುಂದಿನ ಮೂರು ನಾಲ್ಕು ವರ್ಷ ಆಮದಿಗೆ ಮಿತಿ ಇತ್ತು. ದಾಲ್‌ಮಿಲ್‌ಗಳಿಗೆ ಇಂತಿಷ್ಟು ಎಂದು ಹಂಚುವ ಪದ್ಧತಿ ನಡೆಯಿತು. 2021ರ ಮೇ ತಿಂಗಳಲ್ಲಿ, ಮೊದಲೇ ಹೇಳಿದಂತೆ, ಬಾಗಿಲು ಮತ್ತೆ ತೆರೆಯಿತು. ಅದರ ಬೆನ್ನಿಗೇ ಬರ್ಮಾದಿಂದ ವರ್ಷಕ್ಕೆ ಒಂದು ಲಕ್ಷ ಟನ್, ಮಲಾವಿಯಿಂದ 50,000 ಟನ್ ತೊಗರಿ ತರಿಸುವ ಐದು ವರ್ಷಗಳ ಒಪ್ಪಂದಗಳೂ ಆದವು.

ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ಬಾಗಿಲೂ ತೆರೆಯಿತು. ಅದು ಕೋಳಿಗಾಗಿ. ಕೋಳಿ ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡು ಭಾಗದಷ್ಟು ಮೇವಿನದೇ. ಮೇವಿನಲ್ಲಿ ಮುಖ್ಯವಾದವು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. 2021ರ ಮಳೆಗಾಲದಲ್ಲಿ ಸೋಯಾ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದಾಗ ಕೋಳಿ ಉದ್ಯಮದ ಸಂಘಟನೆಗಳು ದಿಲ್ಲಿಯ ಕದ ತಟ್ಟಿದವು. ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿಯ ಆಮದಿಗೆ ಒಪ್ಪಿತು. ಅದೂ ಕುಲಾಂತರಿ ಸೋಯಾದ ಹಿಂಡಿ. ಬೀದರ್ ಜಿಲ್ಲೆ ಮತ್ತು ಅದಕ್ಕೆ ಅಂಟಿಕೊಂಡ ಚಿಂಚೋಳಿ, ಆಳಂದ ಸೀಮೆಯ ಸೋಯಾ ಅದಾದ ಕೆಲವೇ ವಾರಗಳಲ್ಲಿ ಕೊಯ್ಲಿಗೆ ಬರುವುದಿತ್ತು. ಕೊಯ್ಲಿನ ಹೊತ್ತಿಗೆ ಬೆಲೆ ಶಿಖರದಿಂದ ಜಾರಿತ್ತು.

ಕೋಳಿ ಉದ್ಯಮವನ್ನು ಇಲ್ಲಿ ದೂರುವುದು ಉದ್ದೇಶವಲ್ಲ. ಮೇವು ತುಟ್ಟಿಯಾದರೆ ಸಣ್ಣ ಕೋಳಿ ಸಾಕಣೆದಾರನೂ ಮುಳುಗುತ್ತಾನೆ. ಗಮನಿಸಬೇಕಾದದ್ದು ವ್ಯಾಪಾರ ನೀತಿ ಎರಡು ಸರಪಳಿಗಳನ್ನು ಕಾಣುವ ಬಗೆ. ಹೊರದೇಶದ ಕೋಳಿ ಕಾಲಿಗೆ ಭಾರತದಲ್ಲಿ 100 ಶೇಕಡಾ ಸುಂಕದ ಗೋಡೆ. ಹಕ್ಕಿಜ್ವರದ ಕಾರಣ ಕೊಟ್ಟು 2007ರಿಂದ ಅಮೆರಿಕದ ಕೋಳಿಗೆ ಹಾಕಿದ್ದ ತಡೆ ವಿಶ್ವ ವ್ಯಾಪಾರ ಸಂಸ್ಥೆಯವರೆಗೆ ಹೋಗಿ 2015ರಲ್ಲಿ ಭಾರತ ಸೋತರೂ ಸುಂಕದ ಗೋಡೆ ನಿಂತೇ ಇತ್ತು. ಅಂದರೆ ಕೋಳಿ ಸರಪಳಿಗೆ ಮಾರುವ ಮಾಲಿಗೆ ರಕ್ಷಣೆ, ಕೊಳ್ಳುವ ಮೇವಿಗೆ ಬೇಕಾದಾಗ ಸಡಿಲಿಕೆ. ತೊಗರಿ ರೈತನದು ಇದರ ತಿರುವು ಮುರುವು. ಅವನು ಕೊಳ್ಳುವ ಗೊಬ್ಬರ, ಔಷಧ, ಡೀಸೆಲ್ ದರ ಅವನ ಕೈಯಲ್ಲಿಲ್ಲ; ಮಾರುವ ಕಾಳಿಗೆ ಸುಂಕದ ಗೋಡೆಯೂ ಇಲ್ಲ. ಕೋಳಿಯವರು ಒಂದಾಗಿ ಕದ ತಟ್ಟಬಲ್ಲರು. ಎರಡು ಮೂರು ಎಕರೆಯ ಲಕ್ಷಾಂತರ ತೊಗರಿ ರೈತರು ಒಟ್ಟಿಗೆ ದಿಲ್ಲಿಗೆ ಹೋಗುವುದು ಹೇಗೆ? ಅವರ ಎದುರಿಗೆ ನಿಂತಿರುವುದಾದರೂ ಕೋಟ್ಯಂತರ ಮನೆಗಳ ಒಲೆ. ಬೇಳೆ ತುಟ್ಟಿಯಾದರೆ ನಗರದ ಕೂಲಿಯವನ ತಟ್ಟೆಯಲ್ಲಿ ಸಾರು ತೆಳ್ಳಗಾಗುತ್ತದೆ ಎಂಬ ಮಾತಿನಲ್ಲೂ ಸುಳ್ಳಿಲ್ಲ. ರೈತನ ಮನೆಯಲ್ಲೂ ಬೇಸಿಗೆ ಕಳೆದ ಮೇಲೆ ಬೇಳೆಯನ್ನು ಅಂಗಡಿಯಿಂದ ತರುವವರು ಎಷ್ಟೋ ಮಂದಿ.

ಅದೇ ಕಥೆ ಮತ್ತೊಮ್ಮೆ

2022-23ರ ಹಂಗಾಮಿನಲ್ಲಿ ನೆಟೆ ರೋಗ ಕಲಬುರಗಿ ಜಿಲ್ಲೆಯ ತೊಗರಿಯನ್ನು ದೊಡ್ಡ ಪ್ರಮಾಣದಲ್ಲಿ ಒಣಗಿಸಿತು. ಮರುವರ್ಷ ಬರ. ಬೆಲೆ ಏರಿತು, ಹಳೆಯ ಪಾಠ ಹಾಗೆಯೇ ಮರುಕಳಿಸಿತು. 2023ರ ಮಾರ್ಚ್‌ನಲ್ಲಿ ಇಡಿ ತೊಗರಿಯ ಮೇಲಿದ್ದ 10 ಶೇಕಡಾ ಸುಂಕ ಹೋಯಿತು. ಜೂನ್ 2ರಿಂದ ದಾಸ್ತಾನು ಮಿತಿ ಬಂತು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಇಷ್ಟಾದರೂ ಬೆಲೆ ಇಳಿಯಲಿಲ್ಲ. ವರ್ಷದ ಕೊನೆಗೆ ಮೊಜಾಂಬಿಕ್‌ನಲ್ಲಿ ರಫ್ತುದಾರರ ನಡುವಿನ ವ್ಯಾಜ್ಯದಿಂದ ಕಾಳು ಅಲ್ಲಿನ ಬಂದರುಗಳಲ್ಲೇ ಸಿಕ್ಕಿಬಿದ್ದಿತು. ಮೂರು ಸಾವಿರ ಮೈಲಿಯಾಚೆಯ ನ್ಯಾಯಾಲಯದ ಜಗಳಕ್ಕೆ ಕಲಬುರಗಿ ಗಂಜಿನ ದರ ಅಲುಗಾಡುವ ಕಾಲ ಬಂದಿತ್ತು. 2024ರಲ್ಲಿ ಕ್ವಿಂಟಲ್ ಬೆಲೆ ಮತ್ತೆ 10,000 ದಾಟಿತು.

ಅದೇ ಉಮೇದಿನಲ್ಲಿ ಮತ್ತೆ ಬಿತ್ತನೆ ಹೆಚ್ಚಿತು. 2024-25ರಲ್ಲಿ 12 ಲಕ್ಷ ಟನ್‌ಗೂ ಹೆಚ್ಚು ತೊಗರಿ ಹೊರಗಿನಿಂದ ಬಂತು. ಜೊತೆಗೆ 2023ರ ಡಿಸೆಂಬರ್‌ನಿಂದ ಸುಂಕವಿಲ್ಲದೆ ಬರತೊಡಗಿದ್ದ ಕೆನಡಾ, ರಷ್ಯಾಗಳ ಹಳದಿ ಬಟಾಣಿ. ಬಟಾಣಿಗೂ ತೊಗರಿಗೂ ಏನು ಸಂಬಂಧ ಎನ್ನಬಹುದು. ಅಗ್ಗದ ಬೇಳೆ ಪೇಟೆಯಲ್ಲಿ ತುಂಬಿದರೆ ದುಬಾರಿ ಬೇಳೆಗೆ ಗಿರಾಕಿ ಇಳಿಯುತ್ತಾನೆ, ಅಷ್ಟೇ ಸಂಬಂಧ. 2024-25ರ ಬೆಂಬಲ ಬೆಲೆ 7,550 ರೂಪಾಯಿ. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಿತು. 2025ರಲ್ಲಿ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಬಟಾಣಿಗೆ 30 ಶೇಕಡಾ ಸುಂಕ ಬಂದದ್ದು ಆ ವರ್ಷ ನವೆಂಬರ್ 1ರಿಂದ.

ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ 11,440 ಕೋಟಿ ರೂಪಾಯಿಯ 'ಬೇಳೆಕಾಳು ಆತ್ಮನಿರ್ಭರತಾ ಮಿಷನ್' ಆರಂಭಿಸಿತು. ತೊಗರಿ, ಉದ್ದು, ಮಸೂರಗಳನ್ನು ನೋಂದಾಯಿತ ರೈತರು ತಂದಷ್ಟನ್ನೂ ನಾಲ್ಕು ವರ್ಷ ಬೆಂಬಲ ಬೆಲೆಗೆ ಖರೀದಿಸುವ ಭರವಸೆ ಅದರಲ್ಲಿದೆ. ಒಬ್ಬ ರೈತನಿಂದ ಇಂತಿಷ್ಟೇ ಕ್ವಿಂಟಲ್ ಎಂಬ ಮಿತಿಗೆ ಹೊಂದಿಕೊಂಡಿದ್ದ ಈ ಭಾಗದವರಿಗೆ ಇದು ಹೊಸ ಮಾತು. ಆದರೆ ಭರವಸೆ ಹೊರಬೀಳುವ ಹೊತ್ತಿಗೆ ಭೀಮೆ, ಕಾಗಿಣೆಗಳು ಉಕ್ಕಿ ಜಿಲ್ಲೆಯ ತೊಗರಿ ಹೊಲಗಳಲ್ಲಿ ನೀರು ನಿಂತುಹೋಗಿತ್ತು. ಖರೀದಿ ಕೇಂದ್ರಕ್ಕೆ ಒಯ್ಯಲು ಕಾಳು ಉಳಿದವರಿಗೆ ಮಾತ್ರ ಅದು ಉಪಯೋಗಕ್ಕೆ ಬರುವಂಥದ್ದು.

ಆಫ್ರಿಕಾದ ಕೊಯ್ಲು ಜುಲೈ, ಆಗಸ್ಟ್‌ನಲ್ಲಿ. ಹಡಗು ಮುಂಬಯಿಯ ಬಂದರು ಮುಟ್ಟುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಆಗ ಸೇಡಂ ಹೊಲದಲ್ಲಿ ಹಳದಿ ಹೂವು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಎಳೆ ತೊಗರಿ ಕಾಯಿ ಹಾಕಿದ ಭಜ್ಜಿ ಉಂಡು ರಾಶಿಗೆ ಕೈ ಹಚ್ಚುವ ಹೊತ್ತಿಗೆ ದಾಲ್‌ಮಿಲ್‌ಗಳ ಗೋದಾಮು ಅರ್ಧ ತುಂಬಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಬರ್ಮಾದ ಹೊಸ ಕಾಳು. ಆಮದು ಸವಲತ್ತಿನ ಗಡುವಾಗಿ ಸರ್ಕಾರ ವರ್ಷವರ್ಷವೂ ಬರೆಯುತ್ತ ಬಂದ ದಿನಾಂಕ ಮಾರ್ಚ್ 31. ಸಾಲದ ಬಡ್ಡಿ, ಮದುವೆ, ಮಕ್ಕಳ ಶಾಲೆಯ ಖರ್ಚಿರುವ ಸಣ್ಣ ರೈತ ಅಷ್ಟು ಹೊತ್ತಿಗೆ ಕೊನೆಯ ಚೀಲವನ್ನೂ ಮಾರಿ, ಖಾಲಿ ಗೋಣಿಗಳನ್ನು ಜಾಡಿಸಿ ಮಡಚಿ ಅಟ್ಟಕ್ಕೆ ಹಾಕಿರುತ್ತಾನೆ.